ಹೇಳಿ ಹೊಡೆಯುವ ಆಟ

ನಾನು ಹಲ್ಲು ಕಟ್ಟುವವನು. ಕೀಳುವವನಲ್ಲ, ಕೀಳುವವರು ಡಾಕ್ಟರು, ಅವರಿಗೆ ಬೋರ್ಡು, ಕಾರು, ನಮಸ್ಕಾರ ಎಲ್ಲ ಇರುತ್ತದೆ. ಅವರು ತೆಗೆದ ಬಾಯಿಯ ಅಚ್ಚು ಒಂದು ಡಬ್ಬಿಯಲ್ಲಿ ನನ್ನ ಕೆಲಸದ ಕೋಣೆಗೆ ಬರುತ್ತದೆ. ನಾನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತೇನೆ. ಈ ಊರಿನ ಎಷ್ಟೋ ಮುದುಕರು ನಾನು ಕೊಟ್ಟ ಬಾಯಲ್ಲೇ ನಗುತ್ತಾರೆ, ಸೊಸೆಯನ್ನು ಬೈಯುತ್ತಾರೆ. ಅವರಲ್ಲಿ ಒಬ್ಬರ ಮುಖವನ್ನೂ ನಾನು ನೋಡಿಲ್ಲ. ಇದು ದೂರಲ್ಲ. ಮಾತು ಬೇಡದ ಕೆಲಸ ಅಂತಲೇ ನಾನಿದನ್ನು ಹಿಡಿದದ್ದು.

ನನ್ನ ಹೆಂಡತಿಯದು ಇದಕ್ಕೆ ಪೂರಾ ಉಲ್ಟಾ. ಅವಳು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂರುತ್ತಾಳೆ. ಕಂಡಕಂಡವರಿಗೆ ದಾರಿ ಹೇಳಿ, ಸಮಾಧಾನ ಹೇಳಿ, ಗಂಟಲು ಒಣಗಿಸಿಕೊಂಡು ಬಂದರೂ ಮನೆಯಲ್ಲಿ ಅವಳಿಗೆ ಮತ್ತೆ ಮಾತು ಬೇಕು. ನಾನು ಹೂಂ ಅನ್ನುತ್ತಿದ್ದೆ. ನನ್ನ ಹೂಂನಲ್ಲಿ ಎಲ್ಲ ಇದೆ ಎಂದು ನನ್ನ ಲೆಕ್ಕ.

“ಈ ಹೂಂ ಕೇಳೋಕೆ ನಾನು ಮದ್ವೆ ಆಗ್ಬೇಕಿತ್ತಾ? ನಿಂಗೇನು ಬೇಕು ಅಂತ ಬಾಯಿ ಬಿಟ್ಟು ಹೇಳು ಮಾರಾಯ,” ಎನ್ನುತ್ತಿದ್ದಳು.

ಕೊನೆಗೊಂದು ದಿನ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಳು. “ಹೋಗ್ತಿದೀನಿ. ಏನಾದ್ರೂ ಹೇಳ್ತೀಯಾ?” ಎಂದಳು. ಪೆಟ್ಟಿಗೆಯ ಹಿಡಿ ಸಡಿಲವಾಗಿ ನೇತಾಡುತ್ತಿತ್ತು. ನಾನು ಒಳಗಿಂದ ಸ್ಕ್ರೂಡ್ರೈವರ್ ತಂದು ಬಿಗಿ ಮಾಡಿಕೊಟ್ಟೆ. ಹೋಗಬೇಡ ಎಂದು ಇನ್ನು ಹೇಗೆ ಹೇಳಬೇಕು? ಅವಳು ಕಣ್ಣು ಒರೆಸಿಕೊಂಡು ಮೆಟ್ಟಿಲಿಳಿದು ಹೋದಳು. ಅಂದಿನಿಂದ ತಮ್ಮನ ಮನೆಯ ಮಹಡಿಯ ಕೋಣೆಯಲ್ಲಿದ್ದಾಳೆ.

ಆ ತಮ್ಮ, ಅಂದರೆ ನನ್ನ ಭಾಮೈದ, ಕಿಟಕಿಗಳಿಗೆ ಗಾಜು ಹಾಕುವವನು. ಪಾಪದವನು. ಅಕ್ಕ ಮುನಿಸಿಕೊಂಡು ಬಂದಳೆಂದು ಅವನೇನೂ ನನ್ನ ಮೇಲೆ ಮುಖ ಊದಿಸಿಕೊಳ್ಳಲಿಲ್ಲ. ಪ್ರತಿ ಭಾನುವಾರ ನಾನು ಬಿಲಿಯರ್ಡ್ಸ್ ಥರದ ಪೂಲ್ ಆಟ ಆಡುವ ಹಾಲಿಗೇ ಬಂದು “ಏನ್ ಭಾವ, ಹೇಗಿದ್ದೀರಾ?” ಎನ್ನುತ್ತಿದ್ದ. ನಾನು ಹೂಂ ಎನ್ನುತ್ತಿದ್ದೆ. ಅವಳ ಸುದ್ದಿ ಅವನೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಆದರೆ ಇಲ್ಲಿ ನಡೆದದ್ದೆಲ್ಲ ಅಲ್ಲಿಗೆ ಹೋಗುತ್ತದೆ ಎಂದು ನನಗೆ ನಂಬಿಕೆಯಿತ್ತು. ಅದರ ಮೇಲೆಯೇ ನನ್ನ ಇಡೀ ಯೋಜನೆ ನಿಂತದ್ದು. ಈ ಹಾಲಿನಲ್ಲಿ ಒಂದೇ ಸರದಿಯಲ್ಲಿ, ಒಂದೂ ತಪ್ಪದೆ, ನೂರು ಚೆಂಡು ಹಾಕಿದವರು ಯಾರೂ ಇಲ್ಲ. ನಾನು ಹಾಕಬೇಕು. ಭಾಮೈದ ನೋಡಬೇಕು. ಸುದ್ದಿ ಅವಳ ಕಿವಿಗೆ ಬೀಳಬೇಕು. ಆಗ ಅವಳು ಏನಾದರೂ ಹೇಳಿ ಕಳಿಸಿಯೇ ಕಳಿಸುತ್ತಾಳೆ.

ನಗಬೇಡಿ. ಒಬ್ಬನೇ ಇರುವವನ ತಲೆಗೆ ಇಂಥದ್ದೇ ಹೊಳೆಯುವುದು.

ಆಟ ಸರಳ. ಬಣ್ಣದ ಚೆಂಡು ಹದಿನೈದು. ಬಿಳಿ ಚೆಂಡಿನಿಂದ ಯಾವುದನ್ನು ಬೇಕಾದರೂ ಹೊಡೆದು ಮೇಜಿನಂಚಿನ ಗುಂಡಿಗೆ, ಅಂದರೆ ಪಾಕೆಟ್ಟಿಗೆ, ಹಾಕಬಹುದು, ಒಂದಕ್ಕೆ ಒಂದು ಅಂಕ. ಹದಿನಾಲ್ಕು ಹೋಗಿ ಒಂದು ಉಳಿದಾಗ ಆಟ ನಿಲ್ಲಿಸಿ, ಹೋದ ಹದಿನಾಲ್ಕನ್ನೂ ತಂದು ಮತ್ತೆ ತ್ರಿಕೋನವಾಗಿ ಜೋಡಿಸುತ್ತಾರೆ. ಉಳಿದ ಆ ಒಂದನ್ನು ಹಾಕುವ ಏಟಿನಲ್ಲೇ ಬಿಳಿ ಚೆಂಡು ಹೋಗಿ ತ್ರಿಕೋನಕ್ಕೆ ಗುದ್ದಿ ಅದನ್ನು ಒಡೆಯಬೇಕು. ಒಡೆದರೆ ಮುಂದಿನ ಹದಿನಾಲ್ಕು. ಹೀಗೆ ತಪ್ಪುವವರೆಗೂ ಒಬ್ಬನದೇ ರಾಜ್ಯ. ಒಂದೇ ಷರತ್ತು: ಯಾವ ಚೆಂಡು, ಯಾವ ಪಾಕೆಟ್ಟು ಎಂದು ಮೊದಲು ಬಾಯಲ್ಲಿ ಹೇಳಿ ಆಮೇಲೆ ಹೊಡೆಯಬೇಕು; ಹೇಳದೆ ಹಾಕಿದರೆ ಸರದಿ ಅಲ್ಲಿಗೇ ಮುಗಿಯಿತು. ಬೇರೆ ಕಡೆ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾದ ಏಟಿಗೆ ಹೇಳದಿದ್ದರೂ ನಡೆಯುತ್ತದಂತೆ. ನಮ್ಮ ಹಾಲಿನ ಯಜಮಾನರು ಹಳೆಯ ರೆಫರಿ, ಅವರ ಹತ್ತಿರ ಆ ಸಡಿಲ ಬಿಡುವ ಮಾತೇ ಇಲ್ಲ.

ಅಭ್ಯಾಸಕ್ಕೆ ನಾನು ಬೆಳಗ್ಗೆ ಹೋಗುತ್ತಿದ್ದೆ. ಹಾಲ್ ಖಾಲಿ ಇರುತ್ತಿತ್ತು. ಯಜಮಾನರು ಒಂದು ಮೂಲೆಯಲ್ಲಿ ಚೆಂಡು ಹೊಡೆಯುವ ಕೋಲುಗಳನ್ನು, ಅಂದರೆ ಕ್ಯೂಗಳನ್ನು, ಒರೆಸುತ್ತ ಕೂತಿರುತ್ತಿದ್ದರು. ಮೊದಮೊದಲು ನಲವತ್ತರ ಹತ್ತಿರ ಬಂದು ಮುಗ್ಗರಿಸುತ್ತಿದ್ದೆ. ಸುಲಭದ ಚೆಂಡುಗಳನ್ನೆಲ್ಲ ಗಬಗಬ ತಿಂದುಬಿಟ್ಟು, ಅಂಚಿಗೆ ಅಂಟಿಕೊಂಡ ಮೊಂಡು ಚೆಂಡುಗಳನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದೆ. ತಪ್ಪು ಎಲ್ಲಿದೆ ಎಂದು ತಿಳಿಯಲು ಎಷ್ಟೋ ಬೆಳಗು ಬೇಕಾದವು. ಅಂಚಿನವನ್ನು ಮೊದಲೇ ತೆಗೆಯಬೇಕು. ಕೊನೆಗೆ ಉಳಿಯುವುದು ಯಾವುದು ಎಂದು ಮೊದಲೇ ಗೊತ್ತು ಮಾಡಿ ಅದನ್ನು ಮುಟ್ಟದೆ ಕಾಯಬೇಕು. ಎಲ್ಲಕ್ಕಿಂತ ಮುಖ್ಯ, ಬಿಳಿ ಚೆಂಡನ್ನು ಊರು ಸುತ್ತಲು ಬಿಡಬಾರದು. ಗೇಣು ಸರಿದರೆ ಸಾಕಾದಲ್ಲಿ ಗೇಣೇ ಸರಿಯಬೇಕು. ಹಲ್ಲು ಕೂರಿಸುವ ಕೈಗೆ ಇದು ಬೇಗ ಒಗ್ಗಿತು. ತ್ರಿಕೋನದ ಪಕ್ಕ ಒಂದು ಚೆಂಡಿಟ್ಟು ಅದೊಂದೇ ಏಟನ್ನು ಬೆಳಗಿಡೀ ಹೊಡೆದದ್ದೂ ಉಂಟು. ಒಡೆಯುವುದು, ಜೋಡಿಸುವುದು, ಮತ್ತೆ ಒಡೆಯುವುದು. ಜೋಡಿಸಿ ಕೊಡಲು ಎದುರಿಗೆ ಒಬ್ಬರಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

“ಒಬ್ಬನೇ ಆಡುವಾಗ್ಲೂ ಹೇಳಿ ಹೊಡಿ,” ಎಂದು ಯಜಮಾನರು ಮೂಲೆಯಿಂದ ಎಚ್ಚರಿಸುತ್ತಿದ್ದರು.

“ಯಾರಿಗೆ ಹೇಳ್ಲಿ ಸಾರ್? ಚೆಂಡಿಗಾ?”

“ಚೆಂಡಿಗೇ ಹೇಳು. ಅಭ್ಯಾಸ ತಪ್ಪಿ ಹೋಗುತ್ತೆ.”

ಹಿಂದಿನ ದಿನ ಸಂಜೆ ಕೋಣೆ ಮುಚ್ಚಿ, ಮನೆಗೆ ಹೋಗಿ, ಊಟ ಮಾಡಿ ಮಲಗಿ, ಎದ್ದು ಇಲ್ಲಿಗೆ ಬರುವವರೆಗೆ ಯಾರೊಡನೆಯೂ ಒಂದು ಮಾತಾಡಿರುತ್ತಿರಲಿಲ್ಲ. ಹಾಗಿರುವಾಗ ದಿನದ ಮೊದಲ ಮಾತನ್ನು ಒಂದು ಮರದ ಮೇಜಿಗೆ ಆಡುವುದೆಂದರೆ ನನಗೆ ನಾಚಿಕೆ. ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ: ಏಳು, ಎಡ ಮೂಲೆ. ಹನ್ನೊಂದು, ನಡು ಪಾಕೆಟ್ಟು. ಹಾಗೆ ಹೇಳಿಕೊಂಡೇ ಐವತ್ತು ದಾಟಿದೆ, ಎಪ್ಪತ್ತು ದಾಟಿದೆ, ಒಮ್ಮೆ ತೊಂಬತ್ತೊಂದರವರೆಗೂ ಹೋದೆ. ಅದನ್ನು ಯಾರೂ ನೋಡಲಿಲ್ಲ. ಆ ಹೊತ್ತಿಗೆ ಸರಿಯಾಗಿ ಯಜಮಾನರೂ ಟೀ ತರಲು ಹೋಗಿದ್ದರು. ತೊಂಬತ್ತೊಂದು ಹೊಡೆದು ತಿರುಗಿ ನೋಡಿದರೆ ಖಾಲಿ ಕುರ್ಚಿಗಳು. ಅಂದಷ್ಟು ಬೇಜಾರು ಅವಳು ಹೋದ ದಿನವೂ ಆಗಿರಲಿಲ್ಲ.

ಅದಾದ ಮೇಲಿನ ಒಂದು ಭಾನುವಾರ ಭಾಮೈದ ಬಂದಾಗ ನಾನು ಹೇಳಿಯೇ ಹೊಡೆಯುತ್ತ ಇಪ್ಪತ್ತರ ಹತ್ತಿರ ಇದ್ದೆ. ಅವನು ಎತ್ತರದ ಸ್ಟೂಲು ಎಳೆದುಕೊಂಡು ಕೂತು ಗಟ್ಟಿಯಾಗಿ ಲೆಕ್ಕ ಹೇಳತೊಡಗಿದ. ನಾನು ಗಂಟಲು ಸರಿಮಾಡಿಕೊಂಡು ಒಂದೊಂದನ್ನೂ ಹೇಳಿ ಹೊಡೆದೆ. ಐವತ್ತಾರು ಮುಗಿದಾಗ ಅವನೇ ಎದ್ದು ಬಂದು ಚೆಂಡು ಜೋಡಿಸಿಕೊಟ್ಟ. ಎಪ್ಪತ್ತಕ್ಕೆ ಯಜಮಾನರು ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಹತ್ತಿರ ಬಂದು ನಿಂತರು. ಎಂಬತ್ತನಾಲ್ಕಕ್ಕೆ ನಾನು ಅಂಗೈಯನ್ನು ಮತ್ತೆ ಮತ್ತೆ ಪ್ಯಾಂಟಿಗೆ ಒರೆಸಿಕೊಂಡೆ.

“ಆರಾಮಾಗಿ ಭಾವ, ಆರಾಮಾಗಿ,” ಎಂದ ಭಾಮೈದ.

ತ್ರಿಕೋನ ಚೆನ್ನಾಗಿ ಒಡೆಯಿತು. ಎಂಬತ್ತೈದು. ಆಮೇಲೆ ಎಂಬತ್ತಾರು, ಎಂಬತ್ತೇಳು. ಮುಂದಿನ ದಾರಿಯೆಲ್ಲ ನನಗೆ ಒಂದೇ ನೋಟಕ್ಕೆ ಕಂಡಿತು; ಯಾವುದಾದ ಮೇಲೆ ಯಾವುದು, ಯಾವುದನ್ನು ಉಳಿಸುವುದು, ನೂರನೆಯದು ಎಲ್ಲಿ ಬೀಳುತ್ತದೆ, ಎಲ್ಲ. ಅವಳು ತಮ್ಮನ ಬಾಯಿಂದ ಇದನ್ನು ಕೇಳಿ ‘ಹೌದಾ?’ ಎನ್ನುವುದೂ ಕಂಡಿತು. ಮೂರನೇ ನಂಬರಿನದು ಬಲ ಮೂಲೆಯ ಪಾಕೆಟ್ಟಿನ ಬಾಯಲ್ಲೇ ನಿಂತಿತ್ತು, ಊದಿದರೆ ಬೀಳುವ ಹಾಗೆ. ಮೆಲ್ಲಗೆ ತಟ್ಟಿದೆ. ಬಿತ್ತು. ಬಿಳಿಯದು ನಾನು ಬೇಕೆಂದಲ್ಲಿಗೇ ಬಂದು ನಿಂತಿತು.

ಭಾಮೈದ ಲೆಕ್ಕ ಹೇಳಲಿಲ್ಲ.

“ಎಂಬತ್ತೆಂಟು,” ಎಂದೆ.

“ಭಾವ...” ಅವನು ಸ್ಟೂಲಿನಿಂದ ಇಳಿದ. “ನೀವು ಹೇಳ್ಲಿಲ್ಲ.”

“ಹೇಳಿದೆ.”

“ಇಲ್ಲ ಭಾವ. ನಿಮ್ಮ ತುಟೀನೇ ಅಲ್ಲಾಡ್ಲಿಲ್ಲ.”

ನಾನು ಯಜಮಾನರ ಮುಖ ನೋಡಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು.

“ಬಾಯಲ್ಲಿ ನಿಂತಿದ್ದ ಚೆಂಡಯ್ಯಾ ಅದು! ಅದನ್ನ ಬೇರೆ ಎಲ್ಲಿಗೆ ಹೊಡೀತಾರೆ? ಎಳೇ ಮಗೂಗೂ ಗೊತ್ತಾಗುತ್ತೆ!”

“ಗೊತ್ತಾಗುತ್ತೆ ಭಾವ. ಆದ್ರೂ ಹೇಳ್ಬೇಕಲ್ಲ.”

ನಾನು ಕ್ಯೂ ಗೋಡೆಗೆ ಒರಗಿಸಿ ಕುರ್ಚಿಯ ಮೇಲೆ ಕುಸಿದೆ. ಅಳು ಬರುವ ಹಾಗಿತ್ತು, ನಿಜ ಹೇಳುತ್ತೇನೆ. ಅವನು ಪಕ್ಕದಲ್ಲಿ ಕೂತು, ಎಂಬತ್ತೇಳೇನು ಕಮ್ಮಿಯಾ, ಈ ಹಾಲಲ್ಲಿ ಅಷ್ಟು ಹೊಡೆದವರು ಇನ್ಯಾರಿದ್ದಾರೆ ಎಂದು ಸಮಾಧಾನ ಹೇಳತೊಡಗಿದ. ನನ್ನ ಬಾಯಿಂದ ತಾನಾಗಿ ಮಾತು ಬಿತ್ತು.

“ಅವಳಿಗೆ ಹೇಳ್ತೀಯಾ?”

ಅವನು ಬೆರಳಿಗೆ ಸುತ್ತಿದ್ದ ಪಟ್ಟಿಯನ್ನು ಎಳೆದುಕೊಂಡ.

“ಮುಂಚೆ ಅವಳೇ ಕೇಳ್ತಿದ್ಲು ಭಾವ. ಭಾನುವಾರ ಬಂದ್ರೆ ಸಾಕು, ಚಪ್ಪಲಿ ಬಿಡೋಕೂ ಬಿಡ್ತಿರ್ಲಿಲ್ಲ, ನಿನ್ನ ಭಾವ ಏನಾದ್ರೂ ಹೇಳಿದ್ನಾ ಅಂತ. ಏನಿಲ್ಲ ಅಂತಿದ್ದೆ. ಸುಳ್ಳು ಹೇಳೋಕೆ ಆಗುತ್ತಾ? ಈಗ ಕೇಳೋದು ಬಿಟ್ಟಿದ್ದಾಳೆ.”

“ಯಾವಾಗಿಂದ?”

“ಗೊತ್ತಿಲ್ಲ. ಬಿಟ್ಟಿದ್ದಾಳೆ ಅಂತ ನಂಗೆ ಗೊತ್ತಾಗಿದ್ದೇ ತಡವಾಗಿ.”

“ಫೋನ್ ಮಾಡು,” ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ನಂಬರು ಒತ್ತಿ ನನ್ನ ಕೈಗೆ ಕೊಟ್ಟ.

“ಹೇಳೋ, ಏನು?” ಎಂದಳು. ತಮ್ಮನೆಂದುಕೊಂಡಿದ್ದಳು. ಹಿಂದೆ ನಲ್ಲಿಯಲ್ಲಿ ನೀರು ಸುರಿಯುವ ಸದ್ದು.

“ನಾನು.”

ನಲ್ಲಿ ನಿಂತಿತು. “ಅವನಿಗೇನಾದ್ರೂ ಆಯ್ತಾ?”

“ಇಲ್ಲ, ಇಲ್ಲೇ ಇದ್ದಾನೆ. ನಾನು ಎಂಬತ್ತೇಳು ಹೊಡೆದೆ.”

“ಹಾಗಂದ್ರೆ?”

ಆಗ ತಿಳಿಯಿತು. ಅವಳಿಗೆ ಈ ಆಟ ಏನೆಂದೇ ಗೊತ್ತಿರಲಿಲ್ಲ. ನಾನು ಎಲ್ಲಿಗೆ ಹೋಗುತ್ತೇನೆ ಎಂದು ಗೊತ್ತಿತ್ತು. ಅಲ್ಲಿ ಏನು ಮಾಡುತ್ತೇನೆ ಎಂದು ನಾನು ಯಾವತ್ತೂ ಹೇಳಿರಲಿಲ್ಲ. ನೂರು ಹೊಡೆದಿದ್ದರೂ ಅವಳು ಇದನ್ನೇ ಕೇಳುತ್ತಿದ್ದಳು.

ಹೇಳಿದೆ. ಹದಿನೈದು ಚೆಂಡಿನಿಂದ ಶುರು ಮಾಡಿ ಎಲ್ಲ ಹೇಳಿದೆ. ಉಳಿಸುವ ಚೆಂಡು, ಒಡೆಯುವ ಏಟು, ಅಂಚಿನವನ್ನು ಯಾಕೆ ಮೊದಲು ತೆಗೆಯಬೇಕು, ತೊಂಬತ್ತೊಂದು ಹೊಡೆದ ಬೆಳಗ್ಗೆ ಹಾಲಿನಲ್ಲಿ ಯಾರೂ ಇರಲಿಲ್ಲ ಎಂಬುದು. ನನ್ನ ಬಾಯಲ್ಲಿ ಇಷ್ಟು ಮಾತಿತ್ತೆಂದು ನನಗೇ ಗೊತ್ತಿರಲಿಲ್ಲ. ಭಾಮೈದ ಎದ್ದು ಕಿಟಕಿಯ ಹತ್ತಿರ ಹೋಗಿ ಗಾಜು ನೋಡುತ್ತ ನಿಂತ. “ಇಷ್ಟೆಲ್ಲ ನಿಂಗೆ ಗೊತ್ತಾಗ್ಲಿ ಅಂತ ಮಾಡಿದ್ದು,” ಎಂದೆ. “ಮನೆಗೆ ಬಾ. ನೀನಿಲ್ದೆ ನಂಗೆ ಆಗ್ತಿಲ್ಲ.”

ಅವಳು ಮಧ್ಯೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿಸಿಕೊಂಡಳು. ಕೋಪವಿದ್ದರೆ ನನಗೆ ಗೊತ್ತಾಗುತ್ತಿತ್ತು. ಕೋಪವಿರಲಿಲ್ಲ.

“ಒಳ್ಳೇದು,” ಎಂದಳು. “ಇಷ್ಟು ಹೇಳಿದ್ರಲ್ಲ, ಸಂತೋಷ. ಫೋನ್ ಅವನ ಕೈಗೆ ಕೊಡಿ.”

ಹೇಳಿದ್ರಲ್ಲ. ಕೊಡಿ. ಮದುವೆಯಾದ ವಾರದಿಂದ ಅವಳು ನನ್ನನ್ನು ನೀನು ಎಂದೇ ಕರೆದವಳು. ಮನೆಯ ಹಿರಿಯರು ಎದುರಿಗಿದ್ದರೂ ನೀನು, ಬೈಯುವಾಗಲೂ ನೀನು, ಬಾಗಿಲು ದಾಟುವಾಗಲೂ ನೀನೇ. ಆಸ್ಪತ್ರೆಗೆ ಬರುವ ಪರ ಜನರಿಗೆ ಮಾತ್ರ ಅವಳು ಹೀಗೆ, ಮೆತ್ತಗೆ, ಬೇಸರವಿಲ್ಲದೆ, ಬನ್ನಿ, ಕೂತ್ಕೊಳ್ಳಿ ಎನ್ನುವುದು.

“ಹೂಂ,” ಎಂದು ಫೋನನ್ನು ಭಾಮೈದನ ಕೈಗೆ ಕೊಟ್ಟೆ.