ಕುಪ್ಪನ ಸ್ವೆಟರ್

ಬೇಲೆಕೇರಿಯಲ್ಲಿ ಚಳಿ ಎಂಬುದು ವರ್ಷಕ್ಕೆ ಹದಿನೈದು ದಿನ ಬಂದು ಹೋಗುವ ನೆಂಟ. ಅಂಥ ಊರಲ್ಲಿ ಕಾಶಿ ತನ್ನ ಗಂಡನಿಗೆ ಉಣ್ಣೆಯ ಸ್ವೆಟರ್ ಹೆಣೆಯುತ್ತಾಳಂತೆ ಎಂದು ಕೇಳಿ ಮೀನುಪೇಟೆಯ ಹೆಂಗಸರು ಬುಟ್ಟಿ ಕೆಳಗಿಟ್ಟು ನಕ್ಕರು. ನಗಲಿ ಬಿಡಿ, ಅವರ ಗಂಡಂದಿರ ಎದೆ ಗೊರಗೊರ ಅನ್ನುತ್ತಿರಲಿಲ್ಲವಲ್ಲ.

ಹಿಂದಿನ ಡಿಸೆಂಬರಿನಲ್ಲಿ ಕುಪ್ಪ ನ್ಯುಮೋನಿಯಾ ಆಗಿ ಕಾರವಾರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ್ದ. ಚಳಿಯಲ್ಲಿ ಬೆಳಗಿನ ಜಾವ ಸಮುದ್ರಕ್ಕೆ ಹೋದರೆ ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ೨೦೦೬ರ ಡಿಸೆಂಬರ್ ಬಂತು. ಮುದುಕ ಹರಕು ಬನಿಯನ್ನಿನಲ್ಲೇ ದೋಣಿ ಹತ್ತಿದ, ಕೆಮ್ಮುತ್ತ ಇಳಿದ. ಕಾಶಿಯ ಜೀವ ಬಾಯಿಗೆ ಬಂತು.

"ಮನೇಲಿ ಕೂತ್ರೆ ಸಾಯ್ತೆ ನಾನು," ಅಂದ ಕುಪ್ಪ.

"ಹೋದ್ರೂ ಸಾಯ್ತೆ. ಉಣ್ಣೆ ಹಾಕ್ಕಂಡಾದ್ರೂ ಹೋಗು," ಅಂದಳು.

ಬುಟ್ಟಿ ತುಂಬ ಒಣ ಬಂಗಡೆ ಹೊತ್ತು ಯಲ್ಲಾಪುರದ ಬಸ್ಸು ಹತ್ತಿ ಸುಂಕಸಾಳದಲ್ಲಿ ಇಳಿದಳು. ಅಲ್ಲಿ ಬೊಮ್ಮಿ ಎಂಬವಳು ಹತ್ತು ಕುರಿ ಸಾಕಿ, ಉಣ್ಣೆ ಕತ್ತರಿಸಿ, ಕಂಬಳಿಗೆಂದು ತಾನೇ ನೂಲು ತೆಗೆಯುತ್ತಿದ್ದಳು.

"ಇದು ಕಂಬಳಿ ನೂಲು ಮಾರಾಯ್ತಿ. ಮೈಯೆಲ್ಲ ತುರಿಸ್ತದೆ," ಅಂದಳು ಬೊಮ್ಮಿ.

"ತುರಿಸ್ಲಿ. ಕೆರ್ಕಂತಾ ಬದ್ಕಿರ್ಲಿ."

ಬಂಗಡೆ ಅಲ್ಲಿ ಉಳಿಯಿತು, ನೂಲು ಇಲ್ಲಿಗೆ ಬಂತು. ಎರಡು ಕಡ್ಡಿ ಹಿಡಿಯುವುದನ್ನು ಅಂಗನವಾಡಿಯ ಮನಿಷಾ ಕಲಿಸಿದಳು. ಹುಟ್ಟಿದಾಗಿನಿಂದ ಬಲೆ ಹೆಣೆದ ಕೈಗೆ ಅದೇನು ಮಹಾ! ಹನ್ನೆರಡು ದಿನದಲ್ಲಿ ಸ್ವೆಟರ್ ಮುಗಿಯಿತು. ಕರೀ ಕಂದು ಬಣ್ಣ, ಕುರಿಯ ನಾತ, ಕುಪ್ಪನ ಮೈಗೆ ಸರಿಯಾದ ಅಳತೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕಾಶಿಯ ತವರಿನಲ್ಲಿ ಹತ್ತಿ ನೂಲಿನ ಬಲೆಯನ್ನು ಮರದ ತೊಗಟೆಯ ಕಷಾಯದಲ್ಲಿ ಕುದಿಸದೆ ಯಾರೂ ನೀರಿಗೆ ಬಿಡುತ್ತಿರಲಿಲ್ಲ. ಕುದಿಸದ ನೂಲನ್ನು ಉಪ್ಪುನೀರು ತಿಂದುಹಾಕುತ್ತದೆ. ನೈಲಾನ್ ಬಲೆ ಬಂದು ಆ ಕೆಲಸ ನಿಂತು ಎಷ್ಟೋ ವರ್ಷವಾಗಿತ್ತು. ಕಾಶಿ ಯಾರನ್ನೂ ಕೇಳದೆ ಹಂಡೆ ಒಲೆಗೇರಿಸಿ, ಮತ್ತಿ ತೊಗಟೆ ಹಾಕಿ, ಮಧ್ಯಾಹ್ನವಿಡೀ ಸ್ವೆಟರ್ ಕುದಿಸಿದಳು. ಸಾಲದ್ದಕ್ಕೆ ಕೋಲಿನಿಂದ ಕುಟ್ಟಿದಳು.

ಹೊರಗೆ ತೆಗೆದಾಗ ಅದು ಹತ್ತು ವರ್ಷದ ಮಗುವಿನ ಅಂಗಿಯಷ್ಟಾಗಿತ್ತು. ಮೂರು ಪದರದ ಕಂಬಳಿಯ ದಪ್ಪ.

"ಉಣ್ಣೆ ಕುದಿಸ್ತಾರಾ ಕಾಶಕ್ಕಾ!" ಎಂದು ಮನಿಷಾ ತಲೆ ಮೇಲೆ ಕೈಹೊತ್ತಳು.

"ಬಲೆ ಕುದಿಸ್ತಾರಲ್ವಾ?" ಎಂದು ಕಾಶಿ ಗೋಡೆಗೆ ಒರಗಿದವಳು ರಾತ್ರಿ ಊಟಕ್ಕೂ ಏಳಲಿಲ್ಲ.

ಬೆಳಗಿನ ಜಾವ ಹೊರಡುವ ಹೊತ್ತಿಗೂ ಅವಳು ಹಾಗೇ ಕೂತಿದ್ದಳು. ಕುಪ್ಪ ಗಂಜಿಯ ತಟ್ಟೆಯನ್ನು ಅವಳ ಮುಂದೆ ಸರಿಸಿದ. "ಏ, ಒಂದ್ ತುತ್ತು ಉಣ್ಣು. ತಗಾ, ಹಾಕ್ಕಂತೆ," ಎಂದು ಒಲೆಯ ಬಿಸಿಗೆ ಒಣಗಿದ್ದ ಸ್ವೆಟರನ್ನು ತಲೆಯ ಮೇಲಿಂದ ಇಳಿಸಿಯೇಬಿಟ್ಟ. ನುಗ್ಗೆಕಾಯಿಯಂಥ ಮುದುಕ, ತಲೆ ಹೇಗೋ ತೂರಿತು. ಎದೆಯ ಹತ್ತಿರ ಉಣ್ಣೆ ಬಿಗಿಯಿತು. ತೋಳು ಅರ್ಧಕ್ಕೆ ಸಿಕ್ಕಿಬಿದ್ದು ಎರಡೂ ಕೈ ಮೇಲೆ ನಿಂತವು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಇಂಗು ತಿಂದ ಮಂಗನ ಹಾಗೆ ನಿಂತ.

"ಕತ್ತರಿ ತಾರೇ! ದೋಣಿ ಬಿಡ್ತದೆ!"

ಕಾಶಿ ಓಡಿ ಹೋಗಿ ಕತ್ತರಿ ತಂದಳು. ಹತ್ತಿರ ಬಂದವಳು ನಿಂತಳು. ಬಾಗಿಲ ಸಂದಿಯಿಂದ ಚಳಿಗಾಳಿ ನುಗ್ಗುತ್ತಿತ್ತು. ಗಂಡ ಕೆಮ್ಮಿದ.

"ಕತ್ತರ್ಸೂದಿಲ್ಲ," ಅಂದಳು.

ಕುಪ್ಪ ಅವಳ ತವರಿನ ಏಳು ತಲೆಮಾರನ್ನು ಬೈದ. ಅಷ್ಟರಲ್ಲಿ ದೋಣಿಯ ಎಂಜಿನ್ ಶುರುವಾಗಿ, ಸದ್ದು ದೂರವಾಗಿ, ಇಲ್ಲವಾಯಿತು. ಬೈದು ಬೈದು ದಣಿದು ಅವನು ಮಣೆಯ ಮೇಲೆ ಕುಕ್ಕರಿಸಿದ. ಕಾಶಿ ಗಂಜಿ ಬಿಸಿ ಮಾಡಿ ತಂದು, ಚಮಚದಲ್ಲಿ ಅವನ ಬಾಯಿಗಿಟ್ಟಳು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಒಂದು ಹನಿ ಕಣ್ಣೀರೂ ಹಾಕದಿದ್ದವಳು ಈಗ ಬಿಕ್ಕಿಬಿಕ್ಕಿ ಅತ್ತಳು.

ಕುಪ್ಪ ಗಂಜಿ ನುಂಗಿದ. ಎತ್ತಿದ ಕೈ ಎತ್ತಿದಂತೆಯೇ ಇತ್ತು.

"ಅಳೂದು ಬಿಡು," ಅಂದ. "ಇದನ್ನ ಕತ್ತರ್ಸು. ಚಳಿ ಹೋಗೂ ತನ್ಕ ನಾ ಎಲ್ಲೂ ಹೋಗೂದಿಲ್ಲ."