ನಲ್ಲಿರಾಯರ ಜರೀಗಿಡ

ಮೂವತ್ತೊಂದು ವರ್ಷ ಊರಿಗೆಲ್ಲ ನೀರು ಬಿಟ್ಟವರು ನಲ್ಲಿರಾಯರು. ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದು ಪಿಂಚಣಿ ಪುಸ್ತಕದ ಹೊರಗೆ ಚಲಾವಣೆಯಲ್ಲಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಮೇಲಿನ ಬೀದಿ, ಆರೂಕಾಲಿಗೆ ಆಸ್ಪತ್ರೆ ಬೀದಿ, ಏಳಕ್ಕೆ ಕೆಳಗಿನ ಸಾಲು ಮನೆಗಳು. ವಾಲ್ವು ತಿರುಗಿಸುವ ಆಳುದ್ದದ ಕಬ್ಬಿಣದ ಕೀಲಿ ಹೆಗಲಿಗೇರಿಸಿ ಹೊರಟರೆಂದರೆ ಮನೆಮನೆಯಲ್ಲೂ ಬಕೆಟ್ಟಿನ ಸದ್ದು ಶುರು. ಒಂದು ದಿನವೂ ಒಂದು ನಿಮಿಷ ಆಚೀಚೆ ಆದದ್ದಿಲ್ಲ ಎಂಬ ಜಂಭ ಅವರಿಗಿತ್ತು. ಇರಲಿ ಬಿಡಿ, ದುಡಿದವರಿಗೆ ಅಷ್ಟೂ ಬೇಡವೇ?

ನಿವೃತ್ತಿಯಾದ ಎರಡನೆಯ ವರ್ಷ, ಮಳೆಗಾಲ ಮುಗಿದು ಬಿಸಿಲು ಮರಳುವ ಹೊತ್ತಿಗೆ, ದೂರದೂರಿನಲ್ಲಿದ್ದ ಮಗಳಿಗೆ ಅವಳಿ ಮಕ್ಕಳು ಹುಟ್ಟಿದವು. ಹೆಂಡತಿ ಪೆಟ್ಟಿಗೆ ಕಟ್ಟಿದಳು.

"ಆರೇಳು ತಿಂಗಳಾದ್ರೂ ಆಗುತ್ತೆ ರೀ. ಅಡುಗೆ ಏನೋ ಮಾಡ್ಕೊಳ್ತೀರಿ, ಆಗದಿದ್ರೆ ಹೋಟ್ಲಿದೆ. ಆದ್ರೆ ಇದೊಂದನ್ನ ನೋಡ್ಕೊಳ್ಳಿ."

ಹಿತ್ತಲ ಮೆಟ್ಟಿಲ ಕೆಳಗೆ, ನೆರಳಲ್ಲಿ, ದೊಡ್ಡ ಕುಂಡದ ತುಂಬ ಜರೀಗಿಡ. ಮದುವೆಯಾದ ವರ್ಷ ಅವಳ ತಾಯಿ ಕಾಡಿನ ಮರದ ಬುಡದಿಂದ ಕಿತ್ತು ತಂದು ಮಗಳ ಕೈಗಿಟ್ಟದ್ದು. ಮೂರು ಬಾಡಿಗೆ ಮನೆ ಬದಲಾದರೂ ಹಿಂದೆಯೇ ಬಂದಿತ್ತು. ತಾಯಿ ಈಗಿಲ್ಲ. ಅವರ ಕೈಯಿಂದ ಬಂದದ್ದೆಂದು ಅವಳ ಹತ್ತಿರ ಉಳಿದದ್ದು ಇದೊಂದೇ.

"ನೀರು ಹಾಕೋದನ್ನ ನನಗೆ ಹೇಳ್ಕೊಡ್ತೀಯಾ?" ಎಂದರು ರಾಯರು.

"ಊರಿಗೆಲ್ಲ ನೀರು ಕೊಟ್ರಿ, ಒಪ್ಕೊಂಡೆ. ಮನೇಲಿ ನನಗೆ ಒಂದು ದಿನ ಒಂದು ಲೋಟ ತಂದುಕೊಟ್ಟಿದ್ದೀರಾ, ಮೂವತ್ತೈದು ವರ್ಷದಲ್ಲಿ?"

ಅವಳು ನಗುತ್ತಲೇ ಕೇಳಿದ್ದು. ಬಸ್ಸು ಹೊರಟು ಹೋದ ಮೇಲೂ ಆ ಮಾತು ರಾಯರ ಬೆನ್ನು ಬಿಡಲಿಲ್ಲ. ಈ ಗಿಡವನ್ನು ಚೆನ್ನಾಗಿ ನೋಡಿಕೊಂಡೇ ಅವಳ ಬಾಯಿ ಮುಚ್ಚಿಸಬೇಕು ಎಂದುಕೊಂಡರು.

ಮರುದಿನದಿಂದಲೇ ವೇಳಾಪಟ್ಟಿ. ಬೆಳಿಗ್ಗೆ ಆರಕ್ಕೆ ಸರಿಯಾಗಿ ನಾಲ್ಕು ಮಗ್ ನೀರು, ಗಿಡದ ನೆತ್ತಿಯ ಮೇಲೆ. ಬಿಸಿಲಿನ್ನೂ ಇದ್ದುದರಿಂದ ಗಿಡ ಗಟಗಟ ಕುಡಿದು ಹಸಿರಾಗಿ ನಿಂತಿತು. ಇದೇನು, ನೀರು ಕುಡಿದಷ್ಟು ಸುಲಭ ಎಂದು ರಾಯರು ಮೀಸೆ ತಿರುವಿದರು. ಬಿಸಿಲು ಇಳಿಯಿತು, ಗಾಳಿ ತಣ್ಣಗಾಯಿತು, ಬೀದಿಯ ಮರಗಳು ಎಲೆ ಉದುರಿಸತೊಡಗಿದವು. ರಾಯರ ನಾಲ್ಕು ಮಗ್ ಮಾತ್ರ ನಾಲ್ಕೇ. ಒಂದು ದಿನ ಧಾರಾಕಾರ ಮಳೆ. ಆ ಮಳೆಯಲ್ಲೂ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮಗ್ ಹಿಡಿದು ಹಿತ್ತಲಿಗಿಳಿದರು ಪುಣ್ಯಾತ್ಮರು!

ಎಲೆ ಹಳದಿಯಾಯಿತು. ಬಾಯಾರಿಕೆಯಿರಬೇಕೆಂದು ಸಂಜೆಗೂ ಎರಡು ಮಗ್ ಸೇರಿಸಿದರು. ಚಳಿ ಹಿಡಿಯುವ ಹೊತ್ತಿಗೆ ಗಿಡ ಪೂರ್ತಿ ಕಂದಾಗಿ ಕುಂಡದಂಚಿಗೆ ಒರಗಿತ್ತು, ಮಣ್ಣು ಹುಳಿನಾತ ಹೊಡೆಯುತ್ತಿತ್ತು. ಅಷ್ಟರಲ್ಲೇ ಫೋನು.

"ಗಿಡ ಹೇಗಿದೆ ರೀ?"

"ಅದಕ್ಕೇನು, ಹೊಸದಾಗಿ ಚಿಗುರಿದೆ!" ಎಂದು ಕಾಗೆ ಹಾರಿಸಿದರು.

"ಈ ಚಳೀಲಾ?"

"ಎಲ್ಲಾ ನನ್ನ ಕೈಗುಣ."

ಅವಳು ಫೋನಿಟ್ಟಳು.

ಮರುದಿನ ಕುಂಡವನ್ನು ಆಟೋದಲ್ಲಿಟ್ಟುಕೊಂಡು ನರ್ಸರಿಗೆ ಹೋದರು. ಅಚ್ಚು ಇದೇ ಥರದ್ದೊಂದು ತಂದು ಅದೇ ಜಾಗದಲ್ಲಿಟ್ಟುಬಿಡುವುದು ಅವರ ಹಂಚಿಕೆ. ನರ್ಸರಿಯಮ್ಮ ಮಣ್ಣಿಗೆ ಬೆರಳು ತೂರಿಸಿ ಮೂಸಿ ನೋಡಿದಳು.

"ಇದು ಸತ್ತಿದೆ ಅಂದವರ್ಯಾರು ಯಜಮಾನ್ರೇ? ಇದು ಗಟ್ಟಿ ಜೀವ. ಚಳಿಗಾಲದಲ್ಲಿ ಎಲೆ ಒಣಗಿಸ್ಕೊಂಡು ಮಲಗುತ್ತೆ, ಬೆಚ್ಚಗಾದ ಮೇಲೆ ಏಳುತ್ತೆ. ಆದ್ರೆ ಮಲಗಿರೋರ ಬಾಯಿಗೆ ದಿನಾ ಹೀಗೆ ನೀರು ಹೊಯ್ದ ಮಹಾನುಭಾವ ಯಾರು?"

ರಾಯರು ತಲೆ ಕೆರೆದುಕೊಂಡರು. ಹಾಗಾದರೆ ಚಳಿಯಲ್ಲಿ ಇದು ಚಿಗುರುವುದೇ ಇಲ್ಲ, ತನ್ನ ಸುಳ್ಳು ಹೆಂಡತಿಗೆ ಆಗಲೇ ಗೊತ್ತಾಗಿಹೋಗಿದೆ! ಅವರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ನರ್ಸರಿಯಮ್ಮ ಕೊಳೆತ ಬೇರನ್ನೆಲ್ಲ ಕತ್ತರಿಸಿ ತೆಗೆದು, ಎಲೆಗೊಬ್ಬರದ ಸಡಿಲ ಮಣ್ಣಿಗೆ ಗಿಡ ಕೂರಿಸಿದಳು. "ಅರ್ಧ ಬೇರು ಹೋಗಿದೆ. ಉಳಿದರೂ ಉಳೀಬಹುದು. ಈಗ ಮಣ್ಣು ತೀರಾ ಒಣಗದ ಹಾಗೆ ಒಂದು ಗುಟುಕು ಸಾಕು. ಒಣಗಿದ ಎಲೆ ಕೀಳಬೇಡಿ, ಅದೇ ಅದರ ಕಂಬಳಿ. ಹೊಸ ಎಲೆ ಸುರುಳಿ ಸುತ್ಕೊಂಡು ಎದ್ದಾಗ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಬೇಸಿಗೇಲಿ ಬೆಳಿಗ್ಗೆ ಹೊತ್ತು ಬೇರಿನ ತನಕ ಇಳಿಯೋ ಹಾಗೆ ಬುಡಕ್ಕೆ ಹಾಕಿ, ನೆತ್ತಿಗೆ ಬೇಡ. ಎಲೆ ಉದುರೋ ಕಾಲ ಬಂತೋ, ಕೈ ಬಿಗಿಹಿಡೀರಿ."

"ಎಷ್ಟು ದಿನಕ್ಕೊಂದು ಸಲ? ಎಷ್ಟು ಗಂಟೆಗೆ?"

"ಅಯ್ಯೋ ರಾಮ! ಗಡಿಯಾರ ಬಿಡಿ, ಮಣ್ಣನ್ನ ಕೇಳಿ."

ಮಣ್ಣನ್ನು ಕೇಳುವುದು! ರಾಯರು ನಿಂತಲ್ಲೇ ನಿಂತರು. ನೆಲದೊಳಗೆ ಪೈಪು ಸೋರುತ್ತಿದ್ದರೆ ಅವರು ಮಾಡುತ್ತಿದ್ದುದೇ ಅದು. ಕಬ್ಬಿಣದ ಕೀಲಿಯ ಒಂದು ತುದಿ ಪೈಪಿಗೆ ಊರಿ, ಇನ್ನೊಂದಕ್ಕೆ ಕಿವಿಯಿಟ್ಟು ಸೋರುವ ಜಾಗ ಹೇಳುತ್ತಿದ್ದರು. ಇಡೀ ಕಚೇರಿಯಲ್ಲಿ ಅಂಥ ಕಿವಿ ಇನ್ನೊಬ್ಬರಿಗಿರಲಿಲ್ಲ. ಊರಿನ ಪೈಪಿಗೆಲ್ಲ ಕಿವಿಗೊಟ್ಟವರು ಮನೆಯ ಒಂದು ಕುಂಡಕ್ಕೆ ಕಿವಿಗೊಡಲಿಲ್ಲ. ಮನೆಯವಳಿಗಂತೂ ಕೇಳುವುದೇ ಬೇಡ.

ಮನೆಗೆ ಬಂದವರೇ ಫೋನು ಮಾಡಿದರು. "ಇವಳೇ, ನಾನು ಸುಳ್ಳು ಹೇಳಿದೆ. ನಿಮ್ಮಮ್ಮನ ಗಿಡ ನನ್ನ ಕೈಯಲ್ಲಿ ಅರ್ಧ ಹೋಗಿದೆ. ಮಿಕ್ಕಿದ್ದು ಉಳಿಯುತ್ತೋ ಇಲ್ವೋ ಗೊತ್ತಿಲ್ಲ."

ಆ ಕಡೆ ಮಗುವೊಂದು ಅಳುತ್ತಿತ್ತು. "ಸುಳ್ಳು ಅಂತ ನಿನ್ನೇನೇ ಗೊತ್ತಾಯ್ತು. ನೀವಾಗೇ ಹೇಳ್ತೀರೇನೋ ಅಂತ ಕಾಯ್ತಿದ್ದೆ," ಎಂದಳು. "ಹೇಗಾದ್ರೂ ಉಳಿಸಿ ರೀ."

ರಾಯರು ಅವಳ ಮರದ ಹೆಣಿಗೆ ಕಡ್ಡಿ ಹುಡುಕಿ ತೆಗೆದರು. ಅದನ್ನು ಗೇಣುದ್ದ ಮಣ್ಣಿಗಿಳಿಸುವುದು, ಎಳೆದು ಕೆನ್ನೆಗೆ ಒತ್ತಿಕೊಳ್ಳುವುದು. ತಣ್ಣಗಿದ್ದು ಮಣ್ಣು ಅಂಟಿದ್ದರೆ ನೀರಿಲ್ಲ, ಒಣಗಿದ್ದರೆ ಅರ್ಧ ಮಗ್. ಹೇಳಲು ಇಷ್ಟೇ. ಆದರೆ ಬೆಳಿಗ್ಗೆ ಆರಾದರೆ ಕೈ ತುರಿಸುತ್ತಿತ್ತು! ಸುಮ್ಮನಿರುವಂಥ ಕಷ್ಟದ ಕೆಲಸವನ್ನು ಅವರು ಜನ್ಮದಲ್ಲಿ ಮಾಡಿರಲಿಲ್ಲ. ಇಡೀ ಚಳಿಗಾಲದಲ್ಲಿ ನೀರು ಕೊಟ್ಟದ್ದು ಆರೇ ಸಲ. ಕುಂಡ ಹಾಗೇ ಕಂದಾಗಿ ಬಿದ್ದಿತ್ತು. ಎಷ್ಟೋ ದಿನ ಅದರ ಮುಂದೆ ಕುಳಿತು, ಇನ್ನೇನು ಉಳಿದಿರುತ್ತದೆ ಎಂದು ಕೈಚೆಲ್ಲಿದ್ದೂ ಉಂಟು. ಆದರೂ ಬೆಳಗಾದರೆ ಕಡ್ಡಿ ಹಿಡಿದು ಹಾಜರು.

ಚಳಿ ಮುರಿದ ಮೇಲೆ ಒಂದು ಬೆಳಿಗ್ಗೆ, ಒಣಗಿದ ಎಲೆಗಳ ಸಂದಿಯಲ್ಲಿ ಕೋಟಿನ ಗುಂಡಿಯಷ್ಟು ದೊಡ್ಡದೊಂದು ರೋಮ ತುಂಬಿದ ಎಳೆ ಸುರುಳಿ ಕಂಡಿತು. ರಾಯರು ಫೋನಿನಲ್ಲಿ ಕೂಗಿಯೇಬಿಟ್ಟರು. "ಎದ್ದಿದೆ ಕಣೇ! ಒಂದೇ ಒಂದು. ಕುಂಡದ ಎಡಗಡೆ ಏನೂ ಇಲ್ಲ, ಈ ಸಲ ಸುಳ್ಳು ಹೇಳಲ್ಲ."

ಹೆಂಡತಿ ಬರುವ ಹೊತ್ತಿಗೆ ಸುರುಳಿ ಮೂರಾಗಿದ್ದವು. ಪೆಟ್ಟಿಗೆಯನ್ನು ಬಾಗಿಲಲ್ಲೇ ಬಿಟ್ಟು ಅವಳು ಹಿತ್ತಲಿಗೆ ನಡೆದಳು, ಮೆಟ್ಟಿಲ ಮೇಲೆ ಕುಳಿತು ಒಂದೊಂದನ್ನೂ ಬೆರಳ ತುದಿಯಿಂದ ಮುಟ್ಟಿದಳು. ರಾಯರು ಅವಳ ಒಣಗಿದ ತುಟಿ ನೋಡಿದರು. ಒಳಗೆ ಹೋಗಿ ಒಂದು ಲೋಟ ನೀರು ತಂದರು.

"ಬಾಯಾರಿದೆಯಾ?"

ಅವಳು ಲೋಟ ನೋಡಿದಳು, ಅವರನ್ನು ನೋಡಿದಳು. ಕಣ್ಣು ತುಂಬಿ ಬಂತು. ಅರ್ಧ ಕುಡಿದು, ಹಳೆಯ ಅಭ್ಯಾಸದಂತೆ ಮಿಕ್ಕಿದ್ದನ್ನು ಕುಂಡಕ್ಕೆ ಬಗ್ಗಿಸಹೋದಳು. ರಾಯರು ಥಟ್ಟನೆ ಅವಳ ಕೈ ಹಿಡಿದರು.

"ಅದಕ್ಕೆ ನಾಳಿದ್ದು ಸಾಕು, ಈಗಷ್ಟೇ ಕೇಳಿದ್ದೀನಿ. ಇದು ಪೂರ್ತಿ ನಿನಗೆ."

ಅವಳು ಒಂದು ಹನಿ ಬಿಡದೆ ಕುಡಿದು, ಖಾಲಿ ಲೋಟವನ್ನು ಅವರ ಮುಂದೆ ಚಾಚಿದಳು.

"ಇನ್ನೊಂದು ಲೋಟ ಬೇಕು ರೀ."

ರಾಯರು ಓಡಿದರು.