ಮಾಲವ್ವ ಅಕ್ಕೋರ ಲೇಜಿಮ್ ತಂಡ

ಹಳಿಯಾಳದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮಾಲವ್ವ ದೈಹಿಕ ಶಿಕ್ಷಕಿ. ಆ ಊರಿನ ಎಷ್ಟೋ ಹೆಂಗಸರು ಹುಡುಗಿಯರಾಗಿದ್ದಾಗ ಅವಳ ಸೀಟಿಯ ಸದ್ದಿಗೆ ಓಡಿದವರು. ಅಂಥವಳ ಕಾಲು ನಿವೃತ್ತಿಗೆ ಇನ್ನೂ ಕೆಲವು ವರ್ಷ ಇರುವಾಗಲೇ ಅವಳ ಮಾತು ಕೇಳುವುದನ್ನು ಬಿಟ್ಟಿತು. ಬಯಲಿನಲ್ಲಿ ಹೇಗೋ ನಡೆಯುತ್ತಿದ್ದಳು. ಬಾಗಿಲ ಹತ್ತಿರ ಬಂದರೆ ಸಾಕು, ಪಾದಗಳು ನೆಲಕ್ಕೆ ಅಂಟಿಕೊಂಡಂತಾಗಿ ನಿಂತುಬಿಡುತ್ತಿದ್ದಳು. ಧಾರವಾಡದ ಡಾಕ್ಟರು ಪಾರ್ಕಿನ್ಸನ್ ಎಂದು ಹೇಳಿ ಗುಳಿಗೆ ಕೊಟ್ಟರು. ಕೈಯ ನಡುಕ ಕಡಿಮೆಯಾಯಿತು. ಬಾಗಿಲ ಮುಂದೆ ನಿಲ್ಲುವುದು ಮಾತ್ರ ಹೋಗಲಿಲ್ಲ.

ದಾಂಡೇಲಿಯಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದ ಅಂಜುಮ ಅವಳ ಹಳೆಯ ವಿದ್ಯಾರ್ಥಿನಿ. ಮಾಲವ್ವ ಬಸ್ಸು ಹಿಡಿದು ಅವಳಲ್ಲಿಗೆ ಹೋದಳು.

"ನಿಮ್ಮ ಕಾಲಾಗ ಶಕ್ತಿ ಐತ್ರಿ ಅಕ್ಕೋರ. ಹೆಜ್ಜಿ ಎತ್ತು ಅನ್ನೂ ಹುಕುಂ ಮಿದುಳಿಂದ ಹೊತ್ತಿಗೆ ಸರಿಯಾಗಿ ಬರವಲ್ದು. ಕಿವಿಯಿಂದ ಕೊಟ್ಟು ನೋಡೂಣು," ಎಂದು ಹೇಳಿ ಅಂಜುಮ ಫೋನಿನಲ್ಲಿ ಒಂದೇ ಸಮನೆ ಟಿಕ್ ಟಿಕ್ ಎನ್ನುವ ಸದ್ದು ಹಾಕಿದಳು. "ಮೊದಲ ಸುಮ್ಮನ ಕೇಳ್ರಿ. ಮೈಭಾರ ಆ ಕಡೆ, ಈ ಕಡೆ ಹಾಕ್ರಿ. ಆಮ್ಯಾಲ ಟಿಕ್ ಅಂದಾಗ ಕಾಲೆತ್ರಿ."

ಮಾಲವ್ವ ಬಾಗಿಲು ದಾಟಿದಳು. ನಂಬಿಕೆಯಾಗದೆ ತಿರುಗಿ ಬಂದು ಮತ್ತೊಮ್ಮೆ ದಾಟಿದಳು.

"ಇದನ್ನ ನಾನ ನಿನಗ ಕಲಿಸಿದ್ನಲ್ಲವಾ! ಲೇಜಿಮ್ ಬಡದಾಗ ಹೆಜ್ಜಿ ಹಾಕು ಅಂತ," ಎಂದು ನಕ್ಕಳು.

ಸರಪಳಿಗೆ ಪೋಣಿಸಿದ ಕಬ್ಬಿಣದ ಬಿಲ್ಲೆಗಳು ಝಲ್ಲೆನ್ನುವ ಆ ಲೇಜಿಮ್ ಹಿಡಿದು, ರಾಜ್ಯೋತ್ಸವದ ಮೆರವಣಿಗೆಯಲ್ಲಿ ಅವಳ ಹುಡುಗಿಯರು ಪ್ರತಿ ವರ್ಷ ಕುಣಿಯುತ್ತಿದ್ದರು. ಅವರ ಮುಂದೆ ಮಾಲವ್ವ ನಡೆಯಬೇಕು. ಈ ಸಲ ಹೆಡ್‌ಮಾಸ್ತರ ಸೋಮಪ್ಪ ಮೆಲ್ಲಗೆ ಹೇಳಿದರು: "ಬ್ಯಾಡ್ರಿ ಅಕ್ಕೋರ. ನೀವು ಮೈದಾನದಾಗ ಕುರ್ಚಿ ಮ್ಯಾಲ ಕುಂಡರ್ರಿ."

"ಮಕ್ಕಳ ಮುಂದ ನಡಿಯೂದು ನನ್ನ ಕೆಲಸ ಸರ್."

ಮಾಲವ್ವ ಮಕ್ಕಳಿಗೆ ತನ್ನ ರೋಗದ ವಿಷಯ ಹೇಳಲಿಲ್ಲ. ತಾಲೀಮಿಗೆ ಅವರ ಮುಂದೆ ನಿಂತು, ಲೇಜಿಮ್ಮಿನ ತಾಳಕ್ಕೆ ಹೆಜ್ಜೆ ಹಾಕಿದಳು. ಮೊದಲು ಹಗುರವಾಗಿ ಸಾಗಿತು. ಆದರೆ ಹುರುಪು ಏರಿದಂತೆ ಹುಡುಗಿಯರು ತಾಳವನ್ನೂ ಏರಿಸಿದರು. ಸದ್ದಿನ ಬೆನ್ನು ಹತ್ತಿದ ಅವಳ ಹೆಜ್ಜೆಗಳು ಗಿಡ್ಡವಾದವು, ಬಿರುಸಾದವು, ಮೈ ಮುಂದಕ್ಕೆ ಬಾಗಿತು. ನಿಲ್ಲಬೇಕೆಂದರೂ ನಿಲ್ಲಲಾಗಲಿಲ್ಲ. ಖೋಖೋ ಕಂಬದ ಹತ್ತಿರ ಬಿದ್ದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕಿದ್ದು ಮೊಣಕಾಲಿನ ಗಾಯಕ್ಕಿಂತ ಹೆಚ್ಚು ಉರಿಯಿತು.

ಮನೆಯಲ್ಲಿ ಗಾಯ ತೊಳೆಯುತ್ತ ಗಂಡ ಶಿವಯೋಗಿ ಅಂದ: "ನೀ ಅವರ ತಾಳದ ಮ್ಯಾಲ ನಡಿಯಾಕತ್ತೀ ಅಂತ ಆ ಹುಡುಗ್ಯಾರಿಗೆ ಹೆಂಗ ಗೊತ್ತಾಗಬೇಕು? ನೀ ಹೇಳಿಯೇನು?"

ಅವಳಿಗೆ ಸಿಟ್ಟು ಬಂತು. ಊಟ ಮುಗಿಯುವ ಹೊತ್ತಿಗೆ ಸಿಟ್ಟು ಇಳಿದು, ಅವನ ಮಾತಷ್ಟೇ ಉಳಿಯಿತು.

ಮರುದಿನ ಹುಡುಗಿಯರನ್ನೆಲ್ಲ ಮೈದಾನದಲ್ಲಿ ಕೂಡಿಸಿದಳು. "ನನಗ ಪಾರ್ಕಿನ್ಸನ್ ಅನ್ನೂ ರೋಗ ಐತಿ. ಅಂಟುರೋಗ ಅಲ್ಲ, ಹೆದರಬ್ಯಾಡ್ರಿ. ಸದ್ದು ಸಮ ಇದ್ರ ನಾ ನಡೀತೇನಿ. ನೀವು ಜೋರು ಮಾಡಿದ್ರ ಬೀಳ್ತೇನಿ."

ಒಬ್ಬಳು ಎದ್ದು ನಿಂತು ಕೇಳಿದಳು: "ನೀವು ನಡುವ ನಿಂತುಬಿಟ್ರ ಏನ್ ಮಾಡೂಣ್ರಿ ಅಕ್ಕೋರ?"

"ನಿಂತಲ್ಲೇ ಬಾರಸ್ರಿ. ನೂಕಬ್ಯಾಡ್ರಿ, ಎಳೀಬ್ಯಾಡ್ರಿ. ತಾಳ ಬಿಡಬ್ಯಾಡ್ರಿ."

ಜೋರಾಗಿ ಬಾರಿಸುವುದಕ್ಕಿಂತ ಸಮನಾಗಿ ಬಾರಿಸುವುದು ಕಷ್ಟವೆಂದು ಹುಡುಗಿಯರಿಗೆ ಆಗ ಗೊತ್ತಾಯಿತು. ಒಂದು ಭಾನುವಾರ ಅಂಜುಮಳೂ ಬಂದು, ಮಾಲವ್ವನ ನಡಿಗೆಗೆ ಹೊಂದುವ ವೇಗ ಗೊತ್ತು ಮಾಡಿಕೊಟ್ಟಳು. ತಾಳ ಓಡಿದಾಗಲೆಲ್ಲ ಮಾಲವ್ವ ಸೀಟಿ ಊದಿ, ಮೊದಲಿನಿಂದ ಮಾಡಿಸಿದಳು. ಕೈ ನೋಯುತ್ತದೆಂದು ಯಾರೂ ಬಿಟ್ಟು ಹೋಗಲಿಲ್ಲ. ಗೋಡೆಗೆ ಆನಿಕೊಂಡು ನೋಡುತ್ತಿದ್ದ ಸೋಮಪ್ಪ ಕುರ್ಚಿಯ ಮಾತನ್ನು ಮತ್ತೆ ಎತ್ತಲಿಲ್ಲ.

ರಾಜ್ಯೋತ್ಸವದ ಮುಂಜಾನೆ ಶಾಲೆಯ ಗೇಟಿನಲ್ಲೇ ಅವಳ ಕಾಲು ಹಿಡಿಯಿತು. ಹೊರಗೆ ರಸ್ತೆಯ ತುಂಬ ಜನ. ಕನಿಕರಪಟ್ಟ ಯಾರೋ ಅವಳ ತೋಳಿಗೆ ಕೈ ಹಾಕಿದರು.

"ಮುಟ್ಟಬ್ಯಾಡ್ರಿ! ಅಕ್ಕೋರು ತಾವ ಬರ್ತಾರ!" ಹುಡುಗಿಯರು ಒಟ್ಟಿಗೆ ಕೂಗಿದರು. ಕೂಗಿದರೂ ತಾಳ ತಪ್ಪಲಿಲ್ಲ.

ನಿಂತಲ್ಲೇ ಲೇಜಿಮ್ ಝಲ್ಲೆನ್ನುತ್ತಿತ್ತು. ಮಾಲವ್ವ ಜನರತ್ತ ನೋಡಲಿಲ್ಲ, ಕೇಳಿದಳು. ಭಾರವನ್ನು ಎಡಕ್ಕೆ ಹಾಕಿದಳು, ಬಲಕ್ಕೆ ಹಾಕಿದಳು. ಇನ್ನೊಂದು ಬಡಿತಕ್ಕೆ ಕಾಲು ಎತ್ತಿದಳು. ಗೇಟು ಹಿಂದೆ ಉಳಿಯಿತು.

ಪೇಟೆಯ ಉದ್ದಕ್ಕೂ ತಲೆ ಎತ್ತಿ ನಡೆದಳು. ಮೈದಾನ ಇನ್ನೂ ದೂರವಿರುವಾಗ ಗುಳಿಗೆಯ ಬಲ ಇಳಿಯುವುದು ಅವಳಿಗೆ ತಿಳಿಯಿತು. ಕೈ ಎತ್ತಿ ಹುಡುಗಿಯರಿಗೆ ದಾರಿ ಬಿಟ್ಟು, ಒಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತಳು. ಅವರು ಒಬ್ಬೊಬ್ಬರಾಗಿ ಅವಳನ್ನು ನೋಡುತ್ತ, ಅದೇ ತಾಳದಲ್ಲಿ ಮುಂದೆ ಹೋದರು.

ಸೋಮಪ್ಪ ಓಡಿ ಬಂದು ಪಕ್ಕದಲ್ಲಿ ಕುಳಿತರು. "ಭಾಳ ಆತ್ರಿ ಅಕ್ಕೋರ. ಇಷ್ಟ ಸಾಕು."

"ಸಾಕಾಗಿಲ್ರಿ ಸರ್. ಬರೂ ವರ್ಷ ನನ್ನ ಗುಳಿಗಿ ಹೊತ್ತು ನೋಡಿ ಮೆರವಣಿಗಿ ಹೊರಡಸ್ರಿ, ಮೈದಾನದ ತನಕ ಬರ್ತೇನಿ," ಎಂದು ಮಾಲವ್ವ ಸೆರಗಿನಿಂದ ಬೆವರು ಒರೆಸಿಕೊಂಡಳು.